ಮರಳಿನ ಕೊಡ, ನೆತ್ತರಿನ ಲೆಕ್ಕ

ಸವದತ್ತಿ ಗುಡ್ಡದ ಹಾಡು ಕೇಳಿ ಬೆಳೆದವರಿಗೆ ರೇಣುಕೆಯ ದಿನಚರಿ ಬಾಯಿಪಾಠ. ಬೆಳಗಾಗುತ್ತಲೇ ಮಲಪ್ರಭೆಗೆ ಇಳಿಯುತ್ತಾಳೆ. ದಂಡೆಯ ಮರಳನ್ನು ಕೂಡಿಸಿ ಕೊಡ ಮಾಡುತ್ತಾಳೆ. ಹರಿದಾಡುವ ಹಾವನ್ನು ಹಿಡಿದು, ಸುತ್ತಿ, ಸಿಂಬಿ ಮಾಡಿ ತಲೆಗಿಟ್ಟುಕೊಳ್ಳುತ್ತಾಳೆ. ಸಿಂಬಿಯ ಮೇಲೆ ಮರಳಿನ ಕೊಡ, ಕೊಡದ ತುಂಬ ನೀರು. ಜಮದಗ್ನಿಯ ಪೂಜೆಯ ಹೊತ್ತು ಮೀರುವ ಮೊದಲೇ ಆಶ್ರಮ ಮುಟ್ಟುತ್ತಾಳೆ. ಒಂದು ದಿನ ಗಂಧರ್ವರು ಹೆಂಡಿರೊಡನೆ ಹೊಳೆಯಲ್ಲಿ ನೀರಾಟವಾಡುವುದು ಕಣ್ಣಿಗೆ ಬಿತ್ತು, ಮನಸ್ಸು ಅರೆಗಳಿಗೆ ಅತ್ತ ಹೋಯಿತು. ಆಮೇಲೆ ಮರಳು ಕೂಡಲಿಲ್ಲ, ಹಾವು ಕೈಗೆ ಸಿಗಲಿಲ್ಲ.

ಈ ಕಥೆ ಕಟ್ಟಿದವರು ಹೊಳೆಯನ್ನು ಚೆನ್ನಾಗಿ ಬಲ್ಲವರು. ಹಸಿ ಮರಳು ಒಂದು ಮಟ್ಟಕ್ಕೆ ನಿಲ್ಲುತ್ತದೆ. ಕಣ ಕಣದ ನಡುವೆ ನಿಂತ ತೆಳ್ಳನೆಯ ನೀರಿನ ಪೊರೆ ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ, ದಂಡೆಯಲ್ಲಿ ಮಕ್ಕಳು ಗುಡಿ ಕಟ್ಟುವುದು ಆ ಬಲದಿಂದಲೇ. ನೀರು ತುಸು ಹೆಚ್ಚಾಯಿತೋ ಹಿಡಿತ ಕಳಚಿ ಎಲ್ಲವೂ ಕುಸಿಯುತ್ತದೆ. ಮರಳಿನಿಂದ ಗುಡಿಯಾಗಬಹುದು, ನೀರು ತುಂಬುವ ಕೊಡವಾಗಲಾರದು. ಆಗಲಾರದ್ದನ್ನು ಅಷ್ಟು ಖಚಿತವಾಗಿ ಆರಿಸಿಕೊಂಡು, ಅದು ಆಗುವುದಕ್ಕೆ ಒಂದು ಷರತ್ತನ್ನು ಹಾಕಿ, ಷರತ್ತು ಮುರಿದ ಕ್ಷಣ ಏನಾಗುತ್ತದೆಂದು ತೋರಿಸಿದ್ದಾರೆ. ಶಕ್ತಿ, ಅದರ ಮೂಲ, ಅದರ ನಿಯಮ, ಅದರ ಬೆಲೆ, ನಾಲ್ಕೂ ಒಂದೇ ಕಥೆಯಲ್ಲಿವೆ. ಒಳ್ಳೆಯ ವೈಜ್ಞಾನಿಕ ಕಾದಂಬರಿಯಿಂದ ನಾವು ಬಯಸುವುದೂ ಇದನ್ನೇ.

ವೈಜ್ಞಾನಿಕ ಕಥಾಲೋಕಗಳು ಎಷ್ಟೇ ಯಂತ್ರಗಳಿಂದ ತುಂಬಿದ್ದರೂ ಅವುಗಳ ನಡುವೆ ಎಲ್ಲೋ ಒಬ್ಬ ಸಿದ್ಧ, ಒಬ್ಬ ಜೋಗತಿ, ಒಬ್ಬ ಕಣಿ ಹೇಳುವವಳು ಬಂದೇ ಬರುತ್ತಾರೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ನೌಕೆಯಲ್ಲೂ ಮನಸ್ಸಿನಿಂದಲೇ ಕಲ್ಲೆತ್ತುವವನೊಬ್ಬ ಇರುತ್ತಾನೆ. ಅವನಿಗೆ ಆ ಶಕ್ತಿ ಎಲ್ಲಿಂದ ಬಂತು? ಲೇಖಕ ಇದಕ್ಕೆ ಕೊಡುವ ಉತ್ತರವನ್ನು ನಾವು ಸಾಮಾನ್ಯವಾಗಿ ಕಥೆಯ ತಾಂತ್ರಿಕ ವಿವರವೆಂದು ದಾಟಿಬಿಡುತ್ತೇವೆ. ನನಗೆ ಅದು ಆ ಲೋಕದ ರಾಜಕೀಯದ ಬೇರು ಅನ್ನಿಸುತ್ತದೆ. ಶಕ್ತಿಯ ಮೂಲ ಎಲ್ಲಿದೆ ಎಂದು ಹೇಳಿದವನು ಅದು ಯಾರಿಗೆ ಸಿಗಬಹುದು, ಯಾರಿಗೆ ಸಿಗಲಾರದು ಎಂಬುದನ್ನೂ ಹೇಳಿ ಮುಗಿಸಿರುತ್ತಾನೆ.

ಜಗತ್ತೆಲ್ಲ ಬಲ್ಲ ಉದಾಹರಣೆ ‘ಸ್ಟಾರ್ ವಾರ್ಸ್’. 1977ರ ಮೊದಲ ಚಿತ್ರದಲ್ಲಿ ಫೋರ್ಸ್ ಎಂಬುದು ಜೀವವಿರುವ ಎಲ್ಲದರಿಂದ ಹುಟ್ಟಿ ಎಲ್ಲವನ್ನೂ ಬೆಸೆಯುವ ಚೈತನ್ಯ. ಮುದುಕ ಗುರುವೊಬ್ಬ ಮರುಭೂಮಿಯ ಹೊಲಮನೆಯ ಹುಡುಗನಿಗೆ ಅದನ್ನು ಹೇಳಿಕೊಡುತ್ತಾನೆ. ಥಿಯೇಟರಿನಲ್ಲಿ ಕೂತ ಪ್ರತಿ ಮಗುವಿಗೂ ಇದು ನನಗೂ ದಕ್ಕೀತು ಎಂಬ ಆಸೆ ಹುಟ್ಟುವಂತಿತ್ತು ಆ ವಿವರಣೆ. ಇಪ್ಪತ್ತೆರಡು ವರ್ಷಗಳ ನಂತರ, 1999ರಲ್ಲಿ, ‘ದಿ ಫ್ಯಾಂಟಮ್ ಮೆನೇಸ್’ ಬಂತು. ಅದರಲ್ಲಿ ಒಬ್ಬ ಗುರು ಬಾಲಕನ ನೆತ್ತರು ತೆಗೆದು ಪರೀಕ್ಷೆ ಮಾಡಿಸುತ್ತಾನೆ. ಜೀವಕೋಶಗಳೊಳಗೆ ಮಿಡಿಕ್ಲೋರಿಯನ್ ಎಂಬ ಸೂಕ್ಷ್ಮಜೀವಿಗಳಿವೆ, ಅವು ಯಾರಲ್ಲಿ ಹೆಚ್ಚೋ ಅವರಿಗೆ ಶಕ್ತಿ ಹೆಚ್ಚು. ಈ ಹುಡುಗನಲ್ಲಿ ಎಣಿಕೆ ಇಪ್ಪತ್ತು ಸಾವಿರ ದಾಟಿದೆ, ಮಹಾಗುರುವಿನಲ್ಲೂ ಅಷ್ಟಿಲ್ಲ.

ಅಭಿಮಾನಿಗಳು ಸಿಟ್ಟಾದರು. ರಹಸ್ಯ ಕೆಟ್ಟಿತು, ಅಧ್ಯಾತ್ಮವನ್ನು ಪ್ರಯೋಗಶಾಲೆಗೆ ತಂದರು ಎಂಬುದು ಅವರ ದೂರು. ಆದರೆ ಆ ದೃಶ್ಯದಲ್ಲಿ ಕೆಟ್ಟದ್ದು ರಹಸ್ಯವಲ್ಲ, ಬಾಗಿಲು. ಎಲ್ಲರದ್ದಾಗಿದ್ದ ಚೈತನ್ಯ ಒಮ್ಮೆಲೇ ನೆತ್ತರಿನ ಲೆಕ್ಕವಾಯಿತು. ಇನ್ನು ಸಾಧನೆ, ಗುರು, ಶಿಸ್ತು ಎಲ್ಲವೂ ಹುಟ್ಟಿನಲ್ಲೇ ಬಂದದ್ದನ್ನು ತಿದ್ದಿ ತೀಡುವ ಕೆಲಸ ಮಾತ್ರ. ಹುಟ್ಟಿನಿಂದ ಬರುವ ಶ್ರೇಷ್ಠತೆಯ ವಾಸನೆ ಅಮೆರಿಕದ ಪ್ರೇಕ್ಷಕನಿಗೆ ತಟ್ಟನೆ ತಿಳಿಯದಿರಬಹುದು, ನಮಗೆ ತಿಳಿಯದೆ ಇರುವುದಿಲ್ಲ. ಆ ಚಿತ್ರಮಾಲೆಯೇ ಮುಂದೆ ತನ್ನೊಳಗೆ ಈ ಜಗಳವಾಡಿತು. 2017ರ ಚಿತ್ರ ನಾಯಕಿಯನ್ನು ಯಾರೂ ಅಲ್ಲದವರ ಮಗಳೆಂದಿತು, ಕೊನೆಯಲ್ಲಿ ಲಾಯದ ಕಸ ಗುಡಿಸುವ ಹುಡುಗನೊಬ್ಬನ ಕೈಗೆ ಪೊರಕೆ ತಾನಾಗಿ ಹಾರಿ ಬಂತು. ಎರಡೇ ವರ್ಷಕ್ಕೆ, 2019ರಲ್ಲಿ, ಮುಂದಿನ ಚಿತ್ರ ಆ ನಾಯಕಿಯನ್ನು ಚಕ್ರವರ್ತಿಯ ಮೊಮ್ಮಗಳೆಂದು ತಿದ್ದಿ ಅರಮನೆಯ ನೆತ್ತರಿಗೆ ಮರಳಿತು. ಲಾಯದ ಹುಡುಗನ ಸುದ್ದಿ ಆಮೇಲೆ ಬರಲಿಲ್ಲ.

ಎಲ್ಲ ಲೇಖಕರೂ ಈ ಹಾದಿ ಹಿಡಿದಿಲ್ಲ. ಅಸಿಮೋವ್ 1945ರಲ್ಲಿ ಸೃಷ್ಟಿಸಿದ ‘ಮ್ಯೂಲ್’ ಪರರ ಮನಸ್ಸನ್ನು ತಿರುಚಬಲ್ಲ. ಆದರೆ ಅವನ ಶಕ್ತಿ ಒಂದು ಆಕಸ್ಮಿಕ ರೂಪಾಂತರ, ಅವನಿಗೆ ಸಂತಾನವಿಲ್ಲ. ವಂಶ ಕಟ್ಟುವ ದಾರಿಯನ್ನೇ ಲೇಖಕ ಮುಚ್ಚಿದ್ದಾನೆ. ಫ್ರಾಂಕ್ ಹರ್ಬರ್ಟ್ 1965ರ ‘ಡ್ಯೂನ್’ನಲ್ಲಿ ಇನ್ನೂ ಆಳಕ್ಕೆ ಇಳಿದ. ಅಲ್ಲಿ ಭವಿಷ್ಯ ಕಾಣುವ ಶಕ್ತಿಗೆ ಎರಡು ಮೂಲ. ಒಂದು ಮರುಭೂಮಿಯಲ್ಲಿ ಮಾತ್ರ ಸಿಗುವ ಮಸಾಲೆ, ಇನ್ನೊಂದು ತಲೆಮಾರುಗಳಿಂದ ಸನ್ಯಾಸಿನಿಯರ ಕೂಟವೊಂದು ಲೆಕ್ಕ ಹಾಕಿ ಬೆಳೆಸಿದ ವಂಶ. ನೆತ್ತರಿನ ಲೆಕ್ಕವನ್ನು ಹರ್ಬರ್ಟ್ ಮುಚ್ಚಿಡದೆ ಎದುರಿಗಿಟ್ಟು, ಅದರಿಂದ ಹುಟ್ಟಿದ ಅವತಾರಪುರುಷ ಲೋಕಕ್ಕೆ ಎಂಥ ಕೇಡು ತರುತ್ತಾನೆಂಬುದನ್ನೂ ತೋರಿಸಿದ.

ಇನ್ನು ನಮ್ಮವರು. ಕನ್ನಡದಲ್ಲಿ ವೈಜ್ಞಾನಿಕ ಕಥೆ ಬೆಳೆದದ್ದು ಬಹುಮಟ್ಟಿಗೆ ನಿಯತಕಾಲಿಕಗಳ ಆಸರೆಯಲ್ಲಿ. ನಮ್ಮ ಸೀಮೆಗೆ ಆ ಗಾಳಿ ಬೀಸಿದ್ದು ಹುಬ್ಬಳ್ಳಿಯ ದಿಕ್ಕಿನಿಂದ. 1956ರಲ್ಲಿ ಶುರುವಾದ ‘ಕಸ್ತೂರಿ’ ಪಾ.ವೆಂ. ಆಚಾರ್ಯರ ಕೈಯಲ್ಲಿ ವಿಜ್ಞಾನ, ವಿಸ್ಮಯ, ಪುಸ್ತಕ ಸಂಗ್ರಹ ಎಲ್ಲವನ್ನೂ ಹಳ್ಳಿಯ ಮಾಸ್ತರರ ಮನೆಗೂ ಮುಟ್ಟಿಸಿತು. ರಾಜಶೇಖರ ಭೂಸನೂರಮಠರು ಈ ಪ್ರಕಾರಕ್ಕೆ ಇಡೀ ಬರೆವಣಿಗೆಯ ಬಾಳನ್ನೇ ಕೊಟ್ಟರು. ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಬಾಳ ಫೋಂಡಕೆ 1993ರಲ್ಲಿ ಭಾರತೀಯ ವೈಜ್ಞಾನಿಕ ಕಥೆಗಳನ್ನು ಇಂಗ್ಲಿಷಿನಲ್ಲಿ ಸಂಪಾದಿಸಿದಾಗ ಕನ್ನಡದಿಂದ ಹೋದವರಲ್ಲಿ ಅವರೂ ಸಂಜಯ ಹಾವನೂರರೂ ಇದ್ದರು. ಆ ತಲೆಮಾರು ಮಾಡಿದ ಕೆಲಸ ಸಣ್ಣದಲ್ಲ. ಗ್ರಹ, ನೌಕೆ, ಪ್ರಯೋಗಗಳ ಬಗ್ಗೆ ಕನ್ನಡದ ವಾಕ್ಯ ತಡವರಿಸದೆ ನಡೆಯುವಂತೆ ಮಾಡಿದ್ದು ಅವರೇ.

ಆದರೆ ಅಲೌಕಿಕ ಶಕ್ತಿಯ ಪ್ರಶ್ನೆ ಎದುರಾದಾಗ ನಮ್ಮ ಕಥೆಗಾರರು ಸಲೀಸಾದ ಉತ್ತರವೊಂದಕ್ಕೆ ಒಲಿದರು. ಶಕ್ತಿ ಮೇಲಿನಿಂದ ಬಂತು ಎಂಬುದು ಆ ಉತ್ತರ. ಎರಿಕ್ ಫಾನ್ ಡ್ಯಾನಿಕೆನ್ 1968ರಲ್ಲಿ ಬರೆದ ಪುಸ್ತಕದಲ್ಲಿ ಪ್ರಾಚೀನರ ದೇವರುಗಳು ಬೇರೆ ಲೋಕದಿಂದ ಇಳಿದ ಗಗನಯಾತ್ರಿಗಳು ಎಂದ. ಆ ವಾದ ಜಗತ್ತಿನ ತುಂಬ ಹಬ್ಬಿತು. ಪುಷ್ಪಕ ವಿಮಾನ, ಬ್ರಹ್ಮಾಸ್ತ್ರಗಳ ನಾಡಿನಲ್ಲಿ ಅದಕ್ಕೆ ಒಣಹುಲ್ಲಿಗೆ ಕಿಡಿ ತಾಗಿದಷ್ಟೇ ಹೊತ್ತು ಸಾಕಾಯಿತು. ಕನ್ನಡದಲ್ಲಿ ಮಹಾಭಾರತವನ್ನು ಅನ್ಯಲೋಕದ ಸಂಪರ್ಕದ ಬೆಳಕಿನಲ್ಲಿ ಕಂಡ ಮನು ಅವರ ‘ಮಹಾಸಂಪರ್ಕ’ ಈ ದಿಕ್ಕಿನ ಅತಿ ದೊಡ್ಡ ಪ್ರಯತ್ನ. ಅದರ ಹರವು, ಶ್ರಮ, ಓದಿಸಿಕೊಂಡು ಹೋಗುವ ಗುಣಕ್ಕೆ ನನ್ನ ಗೌರವವಿದೆ. ನನ್ನ ತಕರಾರು ಈ ದಿಕ್ಕಿನ ಬಗ್ಗೆಯೇ. ದೇವರನ್ನು ತೆಗೆದು ಅದೇ ಪೀಠದ ಮೇಲೆ ಅನ್ಯಗ್ರಹದವನನ್ನು ಕೂರಿಸಿದರೆ ವಿವರಣೆ ಬದಲಾಯಿತೇ ಹೊರತು ಪೀಠ ಅಲುಗಲಿಲ್ಲ. ಶಕ್ತಿ ಇನ್ನೂ ಮೇಲಿದೆ, ನಾವಿನ್ನೂ ಕೆಳಗಿದ್ದೇವೆ, ನಡುವೆ ವರ ಪಡೆದ ಕೆಲವು ವಂಶಗಳಿವೆ.

ಸವದತ್ತಿಯ ಹತ್ತಿರದ ಹೂಲಿಗೆ ಹೋಗಿ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿಯ ಮುಂದೆ ನಿಂತರೆ ಈ ತಕರಾರಿನ ಅರ್ಥ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಆ ಕಲ್ಲುಗಳನ್ನು ಗಣಿಯಿಂದ ಎಬ್ಬಿಸಿದವರು, ಸಾಗಿಸಿದವರು, ಕಡೆದವರು ಈ ನೆಲದ ಮನುಷ್ಯರು. ಅವರ ಹೆಸರು ಬಹುಪಾಲು ಅಳಿದಿದೆ. ದೊಡ್ಡ ಕಟ್ಟಡ ಕಂಡಲ್ಲೆಲ್ಲ ಆಕಾಶದವರು ಬಂದಿದ್ದರು ಎನ್ನುವ ಕಲ್ಪನೆ ಆ ಹೆಸರಿಲ್ಲದವರಿಂದ ಕೈಯ ಕಸುಬನ್ನೂ ಕಸಿಯುತ್ತದೆ.

ಹಾಗೆಂದು ಜನಪದ ಕಥೆಗಳೆಲ್ಲ ಚಿನ್ನ, ವೈಜ್ಞಾನಿಕ ಕಥೆಗಳೆಲ್ಲ ಕಸ ಎಂದು ನಾನು ಹೇಳುತ್ತಿಲ್ಲ. ಗುಡ್ಡದ ಕಥೆಯನ್ನೂ ಅದೇ ನಿಷ್ಠುರತೆಯಿಂದ ನೋಡಬೇಕು. ರೇಣುಕೆಯ ಶಕ್ತಿ ನೆತ್ತರಿನಿಂದ ಬಂದದ್ದಲ್ಲ, ವ್ರತದಿಂದ ಬಂದದ್ದು, ಸರಿ. ಆದರೆ ವ್ರತ ಯಾರದು, ಯಾರಿಗಾಗಿ? ಗಂಡನ ಹೊರತು ಇನ್ನೊಂದರತ್ತ ಮನಸ್ಸು ಹೋಗಬಾರದು ಎಂಬುದು ಷರತ್ತು. ಅರೆಗಳಿಗೆಯ ನೋಟಕ್ಕೆ ಶಾಪ, ಮೈತುಂಬ ರೋಗ, ಕಾಡುಪಾಲು. ಏಕಯ್ಯ, ಜೋಗಯ್ಯ ಎಂಬ ಸಾಧುಗಳ ಮಾತಿನಂತೆ ಜೋಗುಳಬಾವಿಯಲ್ಲಿ ಮಿಂದು ಮೈ ತಿಳಿಯಾಗಿ ತಿರುಗಿ ಬಂದವಳಿಗೆ ಮಗನ ಕೊಡಲಿಯೇ ಕಾದಿತ್ತು. ಅದೇ ಶಕ್ತಿಯನ್ನು ಗಂಡನಿಗೆ ಕೊಟ್ಟಿದ್ದರೆ ಅವನ ಕೋಪಕ್ಕೂ ಒಂದು ಷರತ್ತು ಬೀಳುತ್ತಿತ್ತೇ? ಹಾಡು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಜಮದಗ್ನಿಯ ಹೆಸರಿನಲ್ಲಿ ಲಕ್ಷಗಟ್ಟಲೆ ಜನ ಗುಡ್ಡ ಹತ್ತುವುದಿಲ್ಲ, ಉಧೋ ಉಧೋ ಎಂಬ ಕೂಗು ಹೋಗುವುದು ಶಿಕ್ಷೆಗೊಳಗಾದವಳ ಕಡೆಗೆ. ಭಾರತ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ಬರುವವರು ತೀರ್ಪನ್ನು ತಿದ್ದಿ ಬರೆದಿದ್ದಾರೆ.

ಈ ತಿದ್ದುಪಡಿಗೂ ಒಂದು ಕತ್ತಲ ಮಗ್ಗುಲಿದೆ. ದೇವಿಯ ಶಕ್ತಿ ಭಕ್ತರ ಮೈಯಲ್ಲಿ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಗುಡ್ಡದ ಸುತ್ತಲಿನ ನಂಬಿಕೆ ಕೊಟ್ಟ ಒಂದು ಉತ್ತರ, ತಲೆಯಲ್ಲಿ ಗಂಟುಗಟ್ಟಿದ ಜಡೆ. ಎಣ್ಣೆ ನೀರು ಕಾಣದೆ ಕೂದಲು ಸಿಕ್ಕುಗಟ್ಟುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಆದರೆ ಆ ಜಡೆ ಎಲ್ಲಮ್ಮನಾದ ರೇಣುಕೆಯ ಕರೆ ಎಂದೊಡನೆ ಬಡವರ ಮನೆಯ, ಅದರಲ್ಲೂ ದಲಿತರ ಮನೆಯ ಎಳೆಯ ಹುಡುಗಿಯ ಕೊರಳಿಗೆ ಮುತ್ತು ಬೀಳುತ್ತಿತ್ತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬರುವವರೆಗೂ ಅದನ್ನು ಶಾಸ್ತ್ರವೆಂದೇ ನಡೆಸಿದರು, ಕಾಯ್ದೆಯ ನಂತರ ಕದ್ದು ನಡೆಸಿದವರೂ ಇದ್ದರು. ಶಕ್ತಿಯ ಮೂಲದ ಬಗ್ಗೆ ಒಂದು ವಿವರಣೆ, ಅದರ ಫಲವಾಗಿ ಒಂದು ಹುಡುಗಿಯ ಇಡೀ ಬಾಳು. ಮೂಲಕಥೆ ಬರೀ ಕಥೆಯಲ್ಲವೇ, ಅದಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎನ್ನುವವರಿಗೆ ನನ್ನಲ್ಲಿ ಇದಕ್ಕಿಂತ ಬೇರೆ ಉತ್ತರವಿಲ್ಲ.

ಹೀಗಾಗಿಯೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದು ಕನ್ನಡದ ಕಥೆಗಾರರಿಗೂ ಸಂಬಂಧಪಟ್ಟ ಸಂಗತಿ. ಶಕ್ತಿ ಇದೆ ಎಂದವರು ಬಂದು ತೋರಿಸಲಿ ಎಂದು ಅವರು ಕೇಳಿದರು. ಕಥೆಗಾರ ಕೇಳಬೇಕಾದದ್ದು ಇದರ ಮುಂದಿನ ಪ್ರಶ್ನೆ: ಇದೆ ಎಂದೇ ಇಟ್ಟುಕೊಳ್ಳೋಣ, ಆಗ ಏನಾಗುತ್ತದೆ? ಈ ಪ್ರಶ್ನೆಯನ್ನು ಕನ್ನಡ ತುಂಬಾ ಹಿಂದೆಯೇ ಕೇಳಿದೆ, ಅದೂ ವೈಜ್ಞಾನಿಕ ಕಥೆ ಎಂಬ ಹೆಸರು ಹುಟ್ಟುವ ಶತಮಾನಗಳ ಮೊದಲು.

ಅಲ್ಲಮ ಮತ್ತು ಗೋರಕ್ಷ ಎದುರುಬದುರಾಗುವ ಪ್ರಸಂಗ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲೂ ಶೂನ್ಯಸಂಪಾದನೆಯಲ್ಲೂ ಬರುತ್ತದೆ. ಗೋರಕ್ಷ ಸಿದ್ಧಪುರುಷ. ಯೋಗ, ರಸವಿದ್ಯೆಗಳ ಬಲದಿಂದ ಮೈಯನ್ನು ವಜ್ರ ಮಾಡಿಕೊಂಡವನು. ಪಾದರಸವನ್ನು ಕಟ್ಟಿ, ಉಸಿರನ್ನು ಕಟ್ಟಿ, ಸಾವನ್ನೇ ಕಟ್ಟಿಹಾಕುವ ಹಂಬಲದ ಪರಂಪರೆ ಅವನದು. ಇಂದಿನ ಕಾದಂಬರಿಕಾರನ ಕೈಯಲ್ಲಾದರೆ ಅವನು ಲೋಹದ ಮೈ ಪಡೆದ ಯೋಧನಾಗುತ್ತಿದ್ದ. ಬಾ, ಹೊಡೆ ಎಂದು ಅವನೇ ಕತ್ತಿ ಕೊಡುತ್ತಾನೆ. ಅಲ್ಲಮ ಬೀಸಿದ ಕತ್ತಿ ಅವನ ಮೈಗೆ ತಾಗಿ ಖಣಿಲೆನ್ನುತ್ತದೆ, ಒಂದು ಕೂದಲೂ ಕೊಂಕುವುದಿಲ್ಲ. ಗೋರಕ್ಷ ಗೆದ್ದೆನೆಂದುಕೊಳ್ಳುತ್ತಾನೆ. ಸದ್ದು ಬಂತಲ್ಲ, ಅದೇ ಕುಂದು ಎಂಬುದು ಅಲ್ಲಮನ ನಿಲುವು. ಈಗ ಕತ್ತಿ ಗೋರಕ್ಷನ ಕೈಗೆ ಹೋಗುತ್ತದೆ. ಅವನು ಬೀಸಿದರೆ ಕತ್ತಿ ಅಲ್ಲಮನ ಮೈಯೊಳಗೆ ಹೊಕ್ಕು ಆ ಬದಿಗೆ ಬರುತ್ತದೆ, ಬಯಲಲ್ಲಿ ಬೀಸಿದ ಹಾಗೆ. ತಾಗಲು ಅಲ್ಲಿ ಏನೂ ಇಲ್ಲ.

ಜಗತ್ತಿನ ವೈಜ್ಞಾನಿಕ ಸಾಹಿತ್ಯದಲ್ಲಿ ಶಕ್ತಿಗಳ ಕಾಳಗದ ದೃಶ್ಯಗಳು ಲೆಕ್ಕವಿಲ್ಲದಷ್ಟಿವೆ. ಇದಕ್ಕೆ ಸಮನಾದ ಒಂದನ್ನು ನಾನು ಕಂಡಿಲ್ಲ. ಹೆಚ್ಚು ಬಲದವನು ಕಡಿಮೆ ಬಲದವನನ್ನು ಬಗ್ಗಿಸುವ ಕಥೆ ಇದಲ್ಲ. ಶಕ್ತಿಯ ಎರಡು ಮೂಲಗಳು ಮುಖಾಮುಖಿಯಾಗಿವೆ. ಒಂದು ದೇಹಕ್ಕೆ ಸೇರಿಸುತ್ತಾ ಹೋಗಿದೆ, ಇನ್ನೊಂದು ‘ನಾನು’ ಎಂಬುದನ್ನು ಕಳೆಯುತ್ತಾ ಬಂದಿದೆ. ಸೋತ ಗೋರಕ್ಷ ಸಾಯುವುದೂ ಇಲ್ಲ, ಅವನಿಗೆ ಅರಿವಾಗುತ್ತದೆ. ಅಲ್ಲಮ ಎಂಥವನು ಎಂಬುದನ್ನೂ ಮರೆಯಬಾರದು. ಅವನು ಯಾವ ಚಕ್ರವರ್ತಿಯ ಮೊಮ್ಮಗನೂ ಅಲ್ಲ, ಮದ್ದಳೆ ಬಾರಿಸಿಕೊಂಡಿದ್ದವನು.

ಅಲ್ಲಮನ ಜೊತೆಗಿದ್ದವರ ಹೆಜ್ಜೆ ನಮ್ಮ ಸೀಮೆಯ ನೆಲದಲ್ಲೇ ಇದೆ. ಕಲ್ಯಾಣದ ಗಲಭೆಯ ನಂತರ ಶರಣರು ಉಳವಿಯತ್ತ ನಡೆದ ದಾರಿ ಮುರಗೋಡ, ಕಾದ್ರೊಳ್ಳಿ, ಎಂ.ಕೆ. ಹುಬ್ಬಳ್ಳಿಗಳನ್ನು ಹಾದು ಹೋಗುತ್ತದೆ ಎಂದು ಜನ ನೆನೆಯುತ್ತಾರೆ. ಮಡಿವಾಳ ಮಾಚಯ್ಯನ ನೆನಪು ಮುರಗೋಡದ ಸುತ್ತ, ಗಂಗಾಂಬಿಕೆಯ ಐಕ್ಯಸ್ಥಳ ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿ. ಪುರಾಣಗಳಲ್ಲಿ ಇದೇ ಶರಣರ ಹೆಸರಿನಲ್ಲಿ ಎಷ್ಟು ಪವಾಡಗಳಿಲ್ಲ! ಆದರೂ ಕಾದ್ರೊಳ್ಳಿಯ ನೆನಪು ಪವಾಡದ್ದಲ್ಲ, ಕಾದಾಟದ್ದು. ಬೆನ್ನಟ್ಟಿ ಬಂದ ದಂಡನ್ನು ಮಂತ್ರದಿಂದ ಕಲ್ಲು ಮಾಡಲಿಲ್ಲ, ಕಾದಾಡಿದರು, ಸತ್ತರು, ಉಳಿದವರು ವಚನದ ಕಟ್ಟುಗಳನ್ನು ಹೊತ್ತು ಮುಂದೆ ಹೋದರು. ಶರಣರ ಶಕ್ತಿ ಎಲ್ಲಿತ್ತು ಎಂಬುದರ ಬಗ್ಗೆ ಪುರಾಣಕಾರರಿಗಿಂತ ಈ ಊರುಗಳ ನೆನಪೇ ಹೆಚ್ಚು ಪ್ರಾಮಾಣಿಕವಾಗಿದೆ ಎಂದು ನನ್ನ ಎಣಿಕೆ. ಬಟ್ಟೆ ಒಗೆಯುವವನ ಕಾಯಕಕ್ಕೂ ಅರಿವಿಗೂ ನಡುವೆ ಅವರು ಯಾವ ವಂಶವೃಕ್ಷವನ್ನೂ ತರಲಿಲ್ಲ.

ರಾಮದುರ್ಗದ ಕಡೆಯ ಗೊಡಚಿ ವೀರಭದ್ರನದು ಬೇರೆಯೇ ರೀತಿ. ಪುರವಂತರು ಒಡಪು ಹೇಳುವಾಗ ವೀರಭದ್ರನ ಹುಟ್ಟನ್ನು ಬಿಡಿಸಿ ಬಿಡಿಸಿ ಹೇಳುತ್ತಾರೆ: ದಕ್ಷನ ಯಜ್ಞ, ಸತಿಗಾದ ಅವಮಾನ, ಶಿವ ಕಿತ್ತು ನೆಲಕ್ಕಪ್ಪಳಿಸಿದ ಜಟೆ, ಅದರಿಂದ ಎದ್ದವನು. ಇಲ್ಲಿ ಶಕ್ತಿಯ ಮೂಲ ಒಂದು ಅನ್ಯಾಯ. ಅದು ತೀರಿದ ಮೇಲೆ ಆ ಉಗ್ರತೆಗೆ ಕೆಲಸವಿಲ್ಲ. ಶಕ್ತಿಗೆ ಕಾಲಮಿತಿ ಹಾಕುವ ಈ ಜಾಣ್ಮೆ ಮುಗಿಯದೆ ಬೆಳೆಯುವ ಸೂಪರ್‌ಹೀರೋ ಸರಣಿಗಳಿಗೆ ಇಂದಿಗೂ ಒಲಿದಿಲ್ಲ. 1997ರಿಂದ ದೂರದರ್ಶನದಲ್ಲಿ ಬಂದ ‘ಶಕ್ತಿಮಾನ್’ ನೋಡಲು ನಮ್ಮ ಊರುಗಳ ಮಕ್ಕಳು ಟಿವಿ ಇದ್ದ ಮನೆಗಳಲ್ಲಿ ಕಿಕ್ಕಿರಿಯುತ್ತಿದ್ದರು. ಅವನ ಶಕ್ತಿಯ ಮೂಲ ಕುಂಡಲಿನಿ, ಪಂಚಭೂತ. ಹೆಸರುಗಳೆಲ್ಲ ನಮ್ಮವೇ. ಆದರೆ ಯೋಗ ಅವನಿಗೆ ಕೊಟ್ಟದ್ದು ಗಿರಗಿರ ತಿರುಗಿ ಹಾರುವ ಬಲವನ್ನು, ಗೋರಕ್ಷನಿಗೆ ಕೊಟ್ಟದ್ದೂ ಇಂಥದ್ದೇ. ಆ ಲೋಕಕ್ಕೆ ಒಬ್ಬ ಅಲ್ಲಮ ಬರಲಿಲ್ಲ.

ಕನ್ನಡದ ಗದ್ಯದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡ ಕೃತಿ ವೈಜ್ಞಾನಿಕ ಕಾದಂಬರಿ ಎಂಬ ಹಣೆಪಟ್ಟಿ ಹೊತ್ತದ್ದಲ್ಲ. ಅದು 1968ರ ‘ಮೂಕಜ್ಜಿಯ ಕನಸುಗಳು’. ಎಂಬತ್ತು ಮೀರಿದ ಬಾಲವಿಧವೆ, ಕೈಗೆ ಬಂದ ಹಳೆಯ ಎಲುಬನ್ನೋ ಲೋಹದ ಚೂರನ್ನೋ ಮುಟ್ಟಿದರೆ ಅದು ಕಂಡ ಕಾಲ ಅವಳ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಶಿವರಾಮ ಕಾರಂತರು ದೇವರ ವಿಷಯದಲ್ಲಿ ಸಂದೇಹವಾದಿ, ವಿಜ್ಞಾನವನ್ನು ಮಕ್ಕಳಿಗೂ ದೊಡ್ಡವರಿಗೂ ಕನ್ನಡದಲ್ಲಿ ಬರೆದುಕೊಟ್ಟವರು. ಅಂಥವರು ಅಜ್ಜಿಗೆ ಅತೀಂದ್ರಿಯ ಶಕ್ತಿ ಕೊಟ್ಟರು, ಮೂಲವನ್ನು ಮಾತ್ರ ವಿವರಿಸಲಿಲ್ಲ. ದೇವಿಯ ವರವಿಲ್ಲ, ವಂಶವಿಲ್ಲ, ಬಿದ್ದ ಉಲ್ಕೆಯಿಲ್ಲ. ಓದುಗನಿಗೆ ಕಾಣುವುದು ಬಾಳಿನುದ್ದಕ್ಕೂ ಮಾತು ನುಂಗಿಕೊಂಡು ಎಲ್ಲವನ್ನೂ ನೋಡುತ್ತ ಕುಳಿತ ಒಂದು ಜೀವ. ಅಷ್ಟು ನೋಡಿದವಳಿಗೆ ಇನ್ನೂ ಹಿಂದಿನದು ಕಂಡರೆ ಅಚ್ಚರಿಯೇನು ಎಂದು ನಾವೇ ಒಪ್ಪಿಕೊಳ್ಳುತ್ತೇವೆ.

ಆ ಶಕ್ತಿಯನ್ನು ಕಾರಂತರು ಬಳಸಿದ ರೀತಿ ಇನ್ನೂ ದೊಡ್ಡದು. ಮೂಕಜ್ಜಿ ಯಾರಿಗೂ ಮಳೆ ತರುವುದಿಲ್ಲ, ನಿಧಿ ತೋರಿಸುವುದಿಲ್ಲ. ಮನುಷ್ಯ ದೇವರನ್ನು ಹೇಗೆ ಮಾಡಿಕೊಂಡ, ತಾಯಿಯ ಆರಾಧನೆ ಹೇಗೆ ಬಂತು, ಹೇಗೆ ತಿರುಚಿಕೊಂಡಿತು ಎಂಬುದನ್ನು ಕಾಣುತ್ತಾಳೆ. ಅತೀಂದ್ರಿಯ ಶಕ್ತಿಯೊಂದು ನಂಬಿಕೆಗಳನ್ನೇ ತನಿಖೆಗೆ ಒಡ್ಡುತ್ತದೆ. ಆ ಅಜ್ಜಿಯ ಕೈಗೆ ಸವದತ್ತಿಯ ಮುತ್ತೊಂದನ್ನು ಕೊಟ್ಟಿದ್ದರೆ ಏನೇನು ಕಾಣುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹಾಗಾದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಈ ಕಥಾಸಂಪತ್ತಿನಿಂದ ಮುಂದಿನ ಕಥೆಗಾರ ಏನನ್ನು ತೆಗೆದುಕೊಳ್ಳಬಹುದು? ಹಾವು, ಕೊಡ, ಭಂಡಾರವನ್ನು ಎತ್ತಿ ನೌಕೆಯೊಳಗಿಟ್ಟರೆ ಅಲಂಕಾರವಾದೀತು ಅಷ್ಟೇ. ನನಗೆ ದಾರಿ ಕಾಣುವುದು ಸಂಗೊಳ್ಳಿಯಲ್ಲಿ. ರಾಯಣ್ಣನ ಲಾವಣಿಗಳಲ್ಲಿ ಅವನ ಶೌರ್ಯ ಮಾನುಷವಾದದ್ದನ್ನು ಮೀರಿ ಬೆಳೆಯುತ್ತದೆ. ಹಾಡುವವರು ಅವನಿಗೆ ಗಗನದ ಮೂಲ ಕೊಟ್ಟಿಲ್ಲ. ಅವನು ವಾಲೀಕಾರ. ಅವನ ಬಲದ ಹಿಂದೆ ಗರಡಿಮನೆಯಿದೆ, ಕಂಪನಿ ಸರ್ಕಾರ ಕಸಿದುಕೊಂಡ ಹೊಲವಿದೆ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಣ್ಣು ಮುಚ್ಚಿದ ಚೆನ್ನಮ್ಮನ ಅನ್ನದ ಋಣವಿದೆ. ಅವನು ಸಿಕ್ಕಿಬಿದ್ದದ್ದು ಡೋರಿ ಹಳ್ಳದಲ್ಲಿ ಮೀಯಲು ಇಳಿದಾಗ, ಕತ್ತಿ ಕೈಯಲ್ಲಿರದ ಹೊತ್ತಿನಲ್ಲಿ, ತನ್ನವರೇ ಹಿಡಿದುಕೊಟ್ಟಾಗ. ಶಕ್ತಿಗೆ ಷರತ್ತು ಇಲ್ಲೂ ಇದೆ, ಆದರೆ ಮನಸ್ಸಿನ ಶುದ್ಧಿಯ ಷರತ್ತಲ್ಲ, ಜೊತೆಗಾರರ ನಿಷ್ಠೆಯ ಷರತ್ತು. ರಾಯಣ್ಣ ಒಬ್ಬಂಟಿಯಾಗಿ ಸೋಲಲಿಲ್ಲ, ಸುತ್ತಲಿನ ನಂಬಿಕೆ ಸೋತದ್ದರಿಂದ ಅವನು ಸಿಕ್ಕ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ ಮೇಲೆ ಜನ ಅಲ್ಲಿನ ಆಲದ ಮರಕ್ಕೆ ತೊಟ್ಟಿಲು ಕಟ್ಟಿ ಮಕ್ಕಳನ್ನು ಬೇಡತೊಡಗಿದರು. ಹುಟ್ಟಿನಿಂದ ಶಕ್ತಿ ಬರಲಿಲ್ಲ, ಸತ್ತ ರೀತಿಯಿಂದ ಬಂತು. ಮಿಡಿಕ್ಲೋರಿಯನ್ ಎಣಿಸುವವರ ಲೆಕ್ಕಕ್ಕೆ ಇದು ತಲೆಕೆಳಗು.

ಇದನ್ನು ವೈಜ್ಞಾನಿಕ ಕಥಾಲೋಕವೊಂದರ ನಿಯಮವಾಗಿ ಊಹಿಸಿಕೊಳ್ಳಿ. ಒಬ್ಬನ ಸಾಮರ್ಥ್ಯ ಅವನ ಕೋಶಗಳಲ್ಲಿ ಇಲ್ಲ, ಸುತ್ತಲಿನವರು ಅವನಲ್ಲಿಟ್ಟ ಭರವಸೆಯಲ್ಲಿದೆ. ಭರವಸೆ ಒಡೆದ ಕ್ಷಣ ಅವನು ಬರಿಗೈ. ಅಂಥ ಲೋಕದಲ್ಲಿ ಖಳನಾಯಕನಿಗೆ ಬಾಂಬು ಬೇಕಿಲ್ಲ, ಒಂದು ಸುಳ್ಳು ಸುದ್ದಿ ಸಾಕು. ಇಂದಿನ ಕಾಲಕ್ಕೆ ಇಷ್ಟು ಹತ್ತಿರದ ಕಥೆಯನ್ನು ಬಿಟ್ಟು ನಾವು ಇನ್ನೂ ಇಂದ್ರನ ರಥ ರಾಕೆಟ್ಟೋ ಅಲ್ಲವೋ ಎಂದು ಚರ್ಚಿಸುತ್ತಿದ್ದೇವೆ. ಹೊಳೆಯಂತೂ ಕಾಯಲಿಲ್ಲ. ರೇಣುಕೆ ನೀರು ಹೊತ್ತ ಅದೇ ಮಲಪ್ರಭೆಗೆ ನವಿಲುತೀರ್ಥದ ಕಣಿವೆಯಲ್ಲಿ 1970ರ ದಶಕದಲ್ಲಿ ಅಣೆಕಟ್ಟು ನಿಂತು, ಹಿಂದೆ ಹರಡಿದ ಜಲಾಶಯಕ್ಕೆ ರೇಣುಕಾಸಾಗರ ಎಂದು ಹೆಸರಾಯಿತು. ನೀರು ಯಾರ ಹೊಲಕ್ಕೆ ಹೋಯಿತು, ಯಾರ ಊರು ಮುಳುಗಿತು ಎಂಬ ಲೆಕ್ಕದಿಂದಲೇ ಒಂದು ಕಾದಂಬರಿ ಹುಟ್ಟಬಹುದಿತ್ತು.

ಈ ದಾರಿಯಲ್ಲಿ ಕನ್ನಡಕ್ಕೆ ಇರುವ ಒಂದು ಗಟ್ಟಿ ಮಾದರಿ ತೇಜಸ್ವಿಯವರ ‘ಕರ್ವಾಲೋ’. 1980ರ ಈ ಕಾದಂಬರಿಯಲ್ಲಿ ಹಾರುವ ಓತಿಯನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಕೆಲಸವಿಲ್ಲದೆ ಕಾಡು ಅಲೆಯುವ ಮಂದಣ್ಣ. ಬೇರೆಯವರಿಗೆ ಕಾಣದ್ದು ಅವನಿಗೆ ಕಾಣುತ್ತದೆ. ಕರ್ವಾಲೋ ಅದನ್ನು ಹುಟ್ಟು ಪ್ರತಿಭೆ ಎಂಬಂತೆ ಗೌರವಿಸುತ್ತಾರೆ. ಈ ವಿಷಯದಲ್ಲಿ ನಾನು ಕಾದಂಬರಿಯನ್ನು ನಂಬುತ್ತೇನೆ, ಪಾತ್ರವನ್ನಲ್ಲ. ಏಕೆಂದರೆ ತೇಜಸ್ವಿ ಪುಟಪುಟದಲ್ಲೂ ತೋರಿಸುವುದು ಆ ಕಣ್ಣು ಹೇಗೆ ತಯಾರಾಯಿತೆಂಬುದನ್ನು: ಜೇನು ಹುಡುಕಿ, ಮರ ಹತ್ತಿ, ಹುಳು ಹುಪ್ಪಟೆಗಳ ಹಿಂದೆ ಅಲೆದು. ವಿಜ್ಞಾನಿ ಆ ಹುಡುಗನ ಹಿಂದೆ ಹೋಗುತ್ತಾರೆ, ಅವನ ನೆತ್ತರು ಪರೀಕ್ಷೆ ಮಾಡಿಸುವುದಿಲ್ಲ. ಭೂಸನೂರಮಠರ ತಲೆಮಾರು ಕೊಟ್ಟ ಭಾಷೆಯೂ ತೇಜಸ್ವಿಯವರ ಈ ಕಣ್ಣೂ ಒಂದೇ ಪುಸ್ತಕದಲ್ಲಿ ಕೂಡಿದ್ದನ್ನು ನಾನಿನ್ನೂ ಓದಿಲ್ಲ. ಅದನ್ನು ಬರೆಯುವವರು ಮುರಗೋಡದಿಂದಲೋ ಮುನವಳ್ಳಿಯಿಂದಲೋ ಬಂದರೆ, ಅಗಸರ ಹುಡುಗಿಯೊಬ್ಬಳಿಗೆ ಶಕ್ತಿ ಬಂದದ್ದನ್ನು ವಿವರಿಸಲು ಅವರು ಬೇರೆ ಗ್ರಹಕ್ಕೆ ಹೋಗಬೇಕಾಗಿಲ್ಲ.